ಜೀವಕೋಶದ ಹೊಸ್ತಿಲು

ಊರಿಗೊಂದು ಎಲ್ಲೆ, ಹೊಲಕ್ಕೊಂದು ಬದು, ಮನೆಗೊಂದು ಹೊಸ್ತಿಲು. ಬದುವಿಲ್ಲದ ಹೊಲದಲ್ಲಿ ಮಳೆಯ ನೀರು ನಿಲ್ಲದು. ಮೇಲಿನ ಒಳ್ಳೆಯ ಮಣ್ಣೂ ಕೊಚ್ಚಿಹೋಗುತ್ತದೆ. ಗೋಡೆಯಿಲ್ಲದ ಮನೆ ಮನೆಯೆನಿಸದು. ಆದರೆ ಗೋಡೆಯೊಂದಿದ್ದರೆ ಸಾಲದು. ನಾಲ್ಕು ಕಡೆಯೂ ಗೋಡೆಯನ್ನೆಬ್ಬಿಸಿ ಬಾಗಿಲನ್ನೇ ಇಡದಿದ್ದರೆ ಅದರೊಳಗೆ ಯಾರೂ ಬಾಳಲಾರರು. ಬೇಕಾದವರು ಒಳಗೆ ಬರಬೇಕು. ಬೇಡದವರು ಹೊರಗೆ ಉಳಿಯಬೇಕು. ಮನೆಯ ಕಸ ಹೊರಗೆ ಹೋಗಬೇಕು. ಮನೆಯ ಒಡವೆ ಒಳಗೇ ಇರಬೇಕು. ಇಷ್ಟನ್ನೂ ಸಾಧಿಸುವ ಎಲ್ಲೆಯೇ ನಿಜವಾದ ಎಲ್ಲೆ.

ಜೀವಕೋಶಕ್ಕೂ ಈ ಮಾತು ಸಲ್ಲುತ್ತದೆ. ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಪ್ರತಿಯೊಂದು ಕೋಶವೂ ಒಂದು ಪುಟ್ಟ ಸಂಸಾರ. ಅದರ ಒಳಗೆ ಆಹಾರ ಕರಗುತ್ತದೆ, ಶಕ್ತಿ ಹುಟ್ಟುತ್ತದೆ, ಹೊಸ ವಸ್ತುಗಳು ತಯಾರಾಗುತ್ತವೆ, ಬೇಡದ ವಸ್ತುಗಳು ಉಳಿಯುತ್ತವೆ. ಈ ಸಂಸಾರವನ್ನು ಹೊರಗಿನ ಪ್ರಪಂಚದಿಂದ ಬೇರ್ಪಡಿಸುವ ತೆಳುವಾದ ಹೊದಿಕೆಗೆ ಕೋಶಪೊರೆ ಎಂದು ಹೆಸರು. ಅದರ ದಪ್ಪ 7 ರಿಂದ 8 ನ್ಯಾನೋಮೀಟರುಗಳು ಮಾತ್ರ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಪುಸ್ತಕದ ಒಂದು ಹಾಳೆಯ ದಪ್ಪಕ್ಕೆ ಸರಿಗಟ್ಟಬೇಕಾದರೆ ಇಂಥ ಪೊರೆಗಳನ್ನು ಹನ್ನೆರಡು ಸಾವಿರಕ್ಕೂ ಮಿಕ್ಕಿ ಒಂದರ ಮೇಲೊಂದರಂತೆ ಪೇರಿಸಬೇಕಾಗುತ್ತದೆ. ಇಷ್ಟು ತೆಳುವಾದ ಈ ಪೊರೆ ಹರಿದರೆ ಕೋಶ ಸಾಯುತ್ತದೆ. ಅದು ಹರಿಯದಿದ್ದರೂ, ಅದರ ಬಾಗಿಲುಗಳು ಕೆಟ್ಟರೆ ಕೋಶದ ಜೊತೆಗೆ ಮನುಷ್ಯನೇ ಸಾವಿನ ದವಡೆಗೆ ಸಿಕ್ಕಬಹುದು.

ಅಡುಗೆಮನೆಯ ಸಾಕ್ಷ್ಯ

ಕೋಶಪೊರೆಯನ್ನು ಕಣ್ಣಿನಿಂದ ಕಾಣಲಾಗದು. ಆದರೆ ಅದರ ಕೆಲಸವನ್ನು ಪ್ರತಿ ಮನೆಯ ಅಡುಗೆಯ ಕೋಣೆಯಲ್ಲಿಯೂ ಕಾಣಬಹುದು. ಬೇಸಗೆಯ ಮೊದಲಿನಲ್ಲಿ ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕುತ್ತಾರೆ. ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹರಡಿ ಬಾಯಿ ಕಟ್ಟಿಡುತ್ತಾರೆ. ಹನಿ ನೀರನ್ನೂ ಹಾಕುವುದಿಲ್ಲ. ಆದರೂ ಕೆಲವು ದಿನಗಳಾದ ಮೇಲೆ ನೋಡಿದರೆ ಜಾಡಿಯಲ್ಲಿ ಉಪ್ಪುನೀರು ತುಂಬಿರುತ್ತದೆ. ಮಿಡಿಗಳು ಸುಕ್ಕುಗಟ್ಟಿ ಚಿಕ್ಕವಾಗಿರುತ್ತವೆ. ಆ ನೀರು ಎಲ್ಲಿಂದ ಬಂದಿತು? ಮಿಡಿಯ ಕೋಶಗಳ ಒಳಗಿನಿಂದಲೇ ಬಂದಿತು. ಒಣದ್ರಾಕ್ಷಿಯನ್ನು ಪಾಯಸಕ್ಕೆ ಹಾಕುವ ಮುನ್ನ ನೀರಿನಲ್ಲಿ ನೆನೆಯಿಟ್ಟರೆ ಇದಕ್ಕೆ ವಿರುದ್ಧವಾದ ಸಂಗತಿ ನಡೆಯುತ್ತದೆ. ಅಲ್ಲಿ ನೀರು ಒಳಗೆ ಹೊಕ್ಕು ದ್ರಾಕ್ಷಿ ಉಬ್ಬುತ್ತದೆ.

ಎರಡಕ್ಕೂ ಕಾರಣ ಒಂದೇ. ಕೋಶಪೊರೆಯ ಮೂಲಕ ನೀರು ಹಾದುಹೋಗಬಲ್ಲದು. ಉಪ್ಪು, ಸಕ್ಕರೆಗಳು ಅಷ್ಟು ಸುಲಭವಾಗಿ ಹಾದುಹೋಗಲಾರವು. ಇಂಥ ಪೊರೆಯ ಎರಡು ಬದಿಗಳಲ್ಲಿ ಬೇರೆ ಬೇರೆ ಸಾಂದ್ರತೆಯ ದ್ರಾವಣಗಳಿದ್ದರೆ, ತಿಳಿಯಾದ ದ್ರಾವಣದ ಕಡೆಯಿಂದ ಸಾಂದ್ರವಾದ ದ್ರಾವಣದ ಕಡೆಗೆ ನೀರು ಹರಿಯುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದಕ್ಕೂ ಅಭಿಸರಣೆಯೇ ಒಂದು ಮುಖ್ಯ ಕಾರಣ. ಅದರೊಳಗೆ ಬಿದ್ದ ಸೂಕ್ಷ್ಮಜೀವಿಗಳ ನೀರನ್ನೂ ಉಪ್ಪು ಹೊರಗೆಳೆದುಬಿಡುತ್ತದೆ. ರಾಸಾಯನಿಕ ಗೊಬ್ಬರವನ್ನು ಅಳತೆ ಮೀರಿ ಹಾಕಿದ ಗದ್ದೆಯಲ್ಲಿ, ಕಾಲಡಿಯಲ್ಲಿ ತೇವವಿದ್ದರೂ ಪೈರು ಬಾಡಿ ಸೀದುಹೋಗುವುದೂ ಹೀಗೆಯೇ. ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಬರಿಯ ಶುದ್ಧ ನೀರನ್ನು ಎಂದಿಗೂ ಕೊಡದೆ, ನೂರಕ್ಕೆ 0.9 ರಷ್ಟು ಉಪ್ಪು ಬೆರೆತ ದ್ರಾವಣವನ್ನೇ ಕೊಡುವುದಕ್ಕೂ ಇದೇ ಕಾರಣ. ಶುದ್ಧ ನೀರು ಸೇರಿದರೆ ಕೆಂಪು ರಕ್ತಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ.

ಇನ್ನೊಂದು ಸರಳ ಪ್ರಯೋಗವುಂಟು. ಬೀಟ್‌ರೂಟ್ ಗೆಡ್ಡೆಯ ಹೋಳುಗಳನ್ನು ಚೆನ್ನಾಗಿ ತೊಳೆದು ತಣ್ಣೀರಿನಲ್ಲಿ ಹಾಕಿದರೆ ನೀರಿಗೆ ಬಣ್ಣ ಬರುವುದು ತೀರ ಕಡಮೆ. ಅದೇ ಹೋಳುಗಳನ್ನು ಕುದಿಯುವ ನೀರಿಗೆ ಹಾಕಿದರೆ ನೀರೆಲ್ಲ ಕಡುಗೆಂಪಾಗುತ್ತದೆ. ಬಣ್ಣ ಮೊದಲೂ ಅಲ್ಲಿಯೇ ಇತ್ತು. ಅದನ್ನು ಹಿಡಿದಿಟ್ಟಿದ್ದ ಪೊರೆಗಳು ಕಾವಿಗೆ ಕೆಟ್ಟಾಗ ಅದು ಹೊರಗೆ ಹರಿಯಿತು. ಬದುಕಿರುವ ಕೋಶಕ್ಕೂ ಸತ್ತ ಕೋಶಕ್ಕೂ ಇರುವ ಭೇದ ಈ ಒಂದು ಬಟ್ಟಲು ನೀರಿನಲ್ಲಿ ಕಾಣುತ್ತದೆ.

ಕಾಣದ ಪೊರೆಯ ಜಾಡು

1665 ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬಿರಡೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿದ್ದ ಪುಟ್ಟ ಪುಟ್ಟ ಕೋಣೆಗಳಿಗೆ ಕೋಶಗಳೆಂದು ಹೆಸರಿಟ್ಟನು. ಆದರೆ ಅವನು ಕಂಡದ್ದು ಸತ್ತುಹೋದ ಸಸ್ಯಕೋಶಗಳ ದಪ್ಪನೆಯ ಭಿತ್ತಿಗಳನ್ನು, ಪೊರೆಯನ್ನಲ್ಲ. ಸಸ್ಯಕೋಶದಲ್ಲಿ ಭಿತ್ತಿಯ ಒಳಮೈಗೆ ತಾಗಿಕೊಂಡು ಪೊರೆಯಿರುತ್ತದೆ; ಪ್ರಾಣಿಕೋಶದಲ್ಲಿ ಭಿತ್ತಿಯಿಲ್ಲ, ಪೊರೆಯೊಂದೇ ಇರುತ್ತದೆ. ಬೆಳಕನ್ನು ಬಳಸುವ ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದಾದುದನ್ನು ಬಿಡಿಸಿ ತೋರಿಸಲಾರದು. ಆದುದರಿಂದ ಹುಕ್ಕನ ಅನಂತರ ಎರಡು ಶತಮಾನಗಳಿಗೂ ಹೆಚ್ಚು ಕಾಲ ಪೊರೆ ಕಣ್ಣಿಗೆ ಬೀಳಲಿಲ್ಲ. ವಿಜ್ಞಾನಿಗಳು ಕಳ್ಳನನ್ನು ಕಾಣದೆ ಹೆಜ್ಜೆಯ ಗುರುತನ್ನೇ ಹಿಡಿದು ಹೋಗುವವರಂತೆ ಅದನ್ನು ಹುಡುಕಬೇಕಾಯಿತು.

ಮೊದಲನೆಯ ಗುರುತು ದೊರೆತದ್ದು ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಎಂಬಾತನಿಗೆ. ಇಂಗ್ಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಈತನು 1890 ರ ದಶಕದಲ್ಲಿ ಸುಮಾರು 500 ಬಗೆಯ ರಾಸಾಯನಿಕಗಳನ್ನು ಒಂದೊಂದಾಗಿ ತೆಗೆದುಕೊಂಡು, ಯಾವುದು ಕೋಶದೊಳಗೆ ಎಷ್ಟು ಬೇಗ ಹೋಗುತ್ತದೆಂಬುದನ್ನು ಪರೀಕ್ಷಿಸಿದನು. ಎಣ್ಣೆಯಲ್ಲಿ ಸುಲಭವಾಗಿ ಕರಗುವ ವಸ್ತುಗಳು ಕೋಶದೊಳಕ್ಕೂ ಸುಲಭವಾಗಿ ನುಗ್ಗಿದವು. ನೀರಿನಲ್ಲಿ ಮಾತ್ರ ಕರಗುವ ವಸ್ತುಗಳಲ್ಲಿ ಹೆಚ್ಚಿನವು ಹೊರಗೇ ಉಳಿದವು. ಹಾಗಾದರೆ ಕೋಶದ ಹೊದಿಕೆಯೇ ಎಣ್ಣೆಯಂಥ ಕೊಬ್ಬಿನ ಪದಾರ್ಥದಿಂದ ಆಗಿರಬೇಕೆಂದು ಆತನು ತರ್ಕಿಸಿದನು.

ನೀರಿನ ಮೇಲಿನ ಎಣ್ಣೆ

ಎಣ್ಣೆಯ ಪದರ ಎಷ್ಟು ತೆಳುವಾಗಿರಬಲ್ಲದು ಎಂಬ ಪ್ರಶ್ನೆಗೆ ಉತ್ತರ ಬೇರೊಂದು ದಿಕ್ಕಿನಿಂದ ಬಂದಿತು. 18ನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಬಳಿಯ ಒಂದು ಕೊಳದಲ್ಲಿ ಒಂದು ಚಮಚೆಯಷ್ಟು ಎಣ್ಣೆಯನ್ನು ಸುರಿದನು. ಗಾಳಿಗೆ ಅಲೆಯೆದ್ದಿದ್ದ ನೀರು ಅರ್ಧ ಎಕರೆಯಷ್ಟು, ಎಂದರೆ ಇಪ್ಪತ್ತು ಗುಂಟೆಗಳಷ್ಟು ಅಗಲಕ್ಕೆ ಶಾಂತವಾಯಿತು. 1774 ರಲ್ಲಿ ಈ ವರದಿ ಪ್ರಕಟವಾಯಿತು. ಒಂದು ಚಮಚೆ ಎಣ್ಣೆಯನ್ನು ಇಪ್ಪತ್ತು ಗುಂಟೆಗೆ ಹಂಚಿ ಲೆಕ್ಕ ಹಾಕಿದರೆ ಪದರದ ದಪ್ಪ ಸುಮಾರು ಎರಡು ನ್ಯಾನೋಮೀಟರ್ ಆಗುತ್ತದೆ. ಅದು ಒಂದೇ ಒಂದು ಅಣುವಿನ ದಪ್ಪ! ಆದರೆ ಫ್ರಾಂಕ್ಲಿನ್ ಆ ಲೆಕ್ಕವನ್ನು ಮಾಡಲಿಲ್ಲ.

ಈ ವಿಷಯವನ್ನು ಮುಂದಕ್ಕೆ ಒಯ್ದವಳು ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಎಂಬ ಮಹಿಳೆ. ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ತಂದೆತಾಯಿಗಳ ಆರೈಕೆ ಮಾಡುತ್ತ, ಮನೆಯ ಕೆಲಸ ನೋಡಿಕೊಳ್ಳುತ್ತಿದ್ದ ಆಕೆ, ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವ ರೀತಿಯನ್ನು ಕುತೂಹಲದಿಂದ ಗಮನಿಸಿದಳು. ತಗಡಿನ ಒಂದು ತೊಟ್ಟಿಯನ್ನೂ ಅದರ ಮೇಲೆ ಅತ್ತಿತ್ತ ಸರಿಯುವ ಒಂದು ಪಟ್ಟಿಯನ್ನೂ ಮಾಡಿಕೊಂಡು, ಜಿಡ್ಡಿನ ಪದರವನ್ನು ಹಿಗ್ಗಿಸಿ ಕುಗ್ಗಿಸಿ ಅಳೆಯುವ ವಿಧಾನವನ್ನು ಕಂಡುಹಿಡಿದಳು. 1891 ರಲ್ಲಿ ತನ್ನ ಫಲಿತಾಂಶಗಳನ್ನು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಪತ್ರದಲ್ಲಿ ಬರೆದು ಕಳುಹಿಸಿದಳು. ಅವನು ಅದರ ಬೆಲೆಯನ್ನರಿತು, ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದನು. ಅಡುಗೆಮನೆಯ ಆ ತೊಟ್ಟಿಯನ್ನು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಮುಂದೆ ಇನ್ನಷ್ಟು ಸುಧಾರಿಸಿದನು.

ಕೊಬ್ಬಿನ ಅಣುವಿಗೆ ಒಂದು ತಲೆ ಮತ್ತು ಬಾಲಗಳಿವೆಯೆಂದು ಲ್ಯಾಂಗ್‌ಮ್ಯೂರ್ 1917 ರಲ್ಲಿ ವಿವರಿಸಿದನು. ತಲೆಗೆ ನೀರೆಂದರೆ ಪ್ರೀತಿ; ಬಾಲಕ್ಕೆ ನೀರೆಂದರೆ ಆಗದು. ಆದುದರಿಂದ ನೀರಿನ ಮೇಲೆ ಹರಡಿದಾಗ ಅಣುಗಳೆಲ್ಲ ತಲೆಯನ್ನು ನೀರಿನಲ್ಲಿ ಅದ್ದಿ, ಬಾಲವನ್ನು ಮೇಲಕ್ಕೆತ್ತಿ, ನಾಟಿ ಮಾಡಿದ ಸಸಿಗಳಂತೆ ಒತ್ತಾಗಿ ನಿಲ್ಲುತ್ತವೆ.

1925 ರಲ್ಲಿ ಹಾಲೆಂಡಿನ ಲೈಡೆನ್ ನಗರದಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಈ ತೊಟ್ಟಿಯನ್ನು ರಕ್ತದ ಪರೀಕ್ಷೆಗೆ ಬಳಸಿದರು. ಕೆಂಪು ರಕ್ತಕಣಗಳಲ್ಲಿರುವ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ಪದರವಾಗಿ ಹರಡಿದರು. ಅದು ಆವರಿಸಿದ ಜಾಗವು ರಕ್ತಕಣಗಳ ಒಟ್ಟು ಮೈಯ ವಿಸ್ತಾರಕ್ಕಿಂತ ಸರಿಯಾಗಿ ಎರಡರಷ್ಟಿತ್ತು. ಹಾಗಾದರೆ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತಿರಬೇಕು! ಹೊರಸಾಲಿನ ತಲೆಗಳು ಕೋಶದ ಹೊರಗಿನ ನೀರಿನ ಕಡೆಗೆ, ಒಳಸಾಲಿನ ತಲೆಗಳು ಕೋಶದ ಒಳಗಿನ ನೀರಿನ ಕಡೆಗೆ. ಎರಡೂ ಸಾಲಿನ ಬಾಲಗಳು ನೀರಿಗೆ ಬೆನ್ನು ಮಾಡಿ ನಡುವೆ ಒಂದನ್ನೊಂದು ಎದುರಿಸಿ ನಿಂತಿರಬೇಕು. ಈ ಪ್ರಯೋಗದಲ್ಲಿ ಎರಡು ತಪ್ಪುಗಳಿದ್ದುವೆಂದು ಆಮೇಲೆ ತಿಳಿದುಬಂದಿತು. ಕೊಬ್ಬೆಲ್ಲವೂ ಹೊರಗೆ ಬಂದಿರಲಿಲ್ಲ. ರಕ್ತಕಣದ ಮೈಯನ್ನೂ ಅವರು ಇದ್ದುದಕ್ಕಿಂತ ಕಡಮೆಯೆಂದು ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿತು. ತೀರ್ಮಾನ ಮಾತ್ರ ಸರಿಯಾಗಿತ್ತು. ಅದನ್ನು ಅನಂತರದ ಅನೇಕ ಪ್ರಯೋಗಗಳು ಸ್ವತಂತ್ರವಾಗಿ ದೃಢಪಡಿಸಿದವು.

ಈ ಜೋಡಿಪದರವೇ ಪೊರೆಯ ಹಂದರ. ಅದರಲ್ಲಿರುವ ಮುಖ್ಯ ಅಣುವಿಗೆ ಫಾಸ್ಫೊಲಿಪಿಡ್ ಎಂದು ಹೆಸರು. ಅದನ್ನು ಯಾರೂ ಹೆಣೆಯಬೇಕಾಗಿಲ್ಲ. ನೀರಿನಲ್ಲಿ ಬಿಟ್ಟೊಡನೆ ಅಣುಗಳು ತಾವೇ ಸಾಲುಗೂಡಿಕೊಳ್ಳುತ್ತವೆ. ಸಣ್ಣ ತೂತಾದರೆ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಈ ಹಂದರಕ್ಕೊಂದು ವೈರಿಯಿದೆ. ಅದೇ ಸಾಬೂನು. ಸಾಬೂನಿನ ಅಣುವಿಗೂ ತಲೆ ಬಾಲಗಳಿವೆ; ಅದು ಪದರದ ನಡುವೆ ನುಸುಳಿ ಕಟ್ಟನ್ನು ಸಡಿಲಿಸುತ್ತದೆ. ಕೆಲವು ವೈರಸ್ಸುಗಳಿಗೆ ಇಂಥದೇ ಕೊಬ್ಬಿನ ಹೊದಿಕೆಯುಂಟು. 2020 ರಲ್ಲಿ ಕೊರೊನಾ ಪಿಡುಗು ಲೋಕವನ್ನೆಲ್ಲ ವ್ಯಾಪಿಸಿದಾಗ ಸಾಬೂನಿನಿಂದ ಕೈ ತೊಳೆಯಬೇಕೆಂದು ವೈದ್ಯರು ಮತ್ತೆ ಮತ್ತೆ ಹೇಳಿದುದಕ್ಕೆ ಇದೂ ಒಂದು ಕಾರಣ.

ನಿಂತ ಗೋಡೆಯಲ್ಲ, ಹರಿಯುವ ಪದರ

ಪೊರೆಯಲ್ಲಿ ಕೊಬ್ಬಿನ ಜೊತೆಗೆ ಪ್ರೋಟೀನುಗಳೂ ಇರುವುದು ತಿಳಿದಿತ್ತು. ಅವು ಎಲ್ಲಿವೆ? ಕೊಬ್ಬಿನ ಪದರದ ಮೇಲೊಂದು ಕೆಳಗೊಂದು ಪ್ರೋಟೀನಿನ ಹಾಸು ಇರಬೇಕೆಂದು 1935 ರಲ್ಲಿ ಡೇನಿಯೆಲಿ ಮತ್ತು ಡೇವ್‌ಸನ್ ಊಹಿಸಿದರು. 1950 ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಪೊರೆ ಸ್ಪಷ್ಟವಾಗಿ ಕಣ್ಣಿಗೆ ಬಿದ್ದಿತು. ಎರಡು ಕಪ್ಪು ಗೆರೆಗಳ ನಡುವೆ ಒಂದು ಬಿಳಿಯ ಗೆರೆ! ಊಹೆ ನಿಜವಾಯಿತೆಂದು ಬಹುಮಂದಿ ನಂಬಿದರು.

ಆದರೆ 1970 ರಲ್ಲಿ ಅಮೆರಿಕದ ಫ್ರೈ ಮತ್ತು ಎಡಿಡಿನ್ ಒಂದು ಸೊಗಸಾದ ಪ್ರಯೋಗವನ್ನು ಮಾಡಿದರು. ಇಲಿಯ ಕೋಶವೊಂದನ್ನೂ ಮನುಷ್ಯನ ಕೋಶವೊಂದನ್ನೂ ಬೆಸೆದು ಒಂದಾಗಿಸಿದರು. ಇಲಿಯ ಪ್ರೋಟೀನುಗಳಿಗೆ ಹಸಿರಾಗಿ ಹೊಳೆಯುವ ಬಣ್ಣವನ್ನೂ, ಮನುಷ್ಯನ ಪ್ರೋಟೀನುಗಳಿಗೆ ಕೆಂಪಾಗಿ ಹೊಳೆಯುವ ಬಣ್ಣವನ್ನೂ ಹಚ್ಚಿದರು. ಮೊದಲಿಗೆ ಬೆಸೆದ ಕೋಶದ ಒಂದು ಅರ್ಧ ಹಸಿರಾಗಿಯೂ ಇನ್ನೊಂದು ಅರ್ಧ ಕೆಂಪಾಗಿಯೂ ಕಂಡಿತು. ದೇಹದ ಉಷ್ಣತೆಯಲ್ಲಿಟ್ಟು ಸುಮಾರು 40 ನಿಮಿಷಗಳಾದ ಮೇಲೆ ನೋಡಿದಾಗ ಎರಡು ಬಣ್ಣಗಳೂ ಕೋಶದ ಮೈತುಂಬ ಬೆರೆತುಹೋಗಿದ್ದವು. ತಣ್ಣಗಿಟ್ಟ ಕೋಶಗಳಲ್ಲಿ ಹಾಗೆ ಬೆರೆಯಲಿಲ್ಲ. ಪ್ರೋಟೀನುಗಳು ಕಲ್ಲು ಕಟ್ಟಡದ ಕಲ್ಲುಗಳಂತೆ ನಿಂತಿಲ್ಲ. ಅವು ಎಣ್ಣೆಯಲ್ಲಿ ತೇಲುವಂತೆ ಚಲಿಸುತ್ತಿವೆಯೆಂಬುದು ಇದರಿಂದ ಗೊತ್ತಾಯಿತು.

1972 ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಎಂಬಿಬ್ಬರು ಇದನ್ನೆಲ್ಲ ಒಂದುಗೂಡಿಸಿ ‘ದ್ರವ ಮೊಸಾಯಿಕ್’ ಎಂಬ ಮಾದರಿಯನ್ನು ಮುಂದಿಟ್ಟರು. ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಕೂಡಿಸಿ ಮಾಡಿದ ನೆಲಕ್ಕೆ ಮೊಸಾಯಿಕ್ ನೆಲವೆನ್ನುತ್ತಾರೆ. ಕೋಶಪೊರೆಯೂ ಹಾಗೆಯೇ ಹಲವು ಬಗೆಯ ಚೂರುಗಳಿಂದಾದುದು. ಆದರೆ ಇಲ್ಲಿ ನೆಲವೇ ದ್ರವ. ಕೊಬ್ಬಿನ ಅಣುಗಳು ಅಕ್ಕಪಕ್ಕದವುಗಳೊಡನೆ ಕ್ಷಣಕ್ಷಣಕ್ಕೂ ಜಾಗ ಬದಲಾಯಿಸುತ್ತಿರುತ್ತವೆ. ಅವುಗಳ ನಡುವೆ ಕೆಲವು ಪ್ರೋಟೀನುಗಳು ಪದರದ ಈಚಿನಿಂದ ಆಚೆಗೆ ಹಾಯ್ದು ನಿಂತಿರುತ್ತವೆ. ಕೆಲವು ಅಂಚಿಗೆ ಅಂಟಿಕೊಂಡಿರುತ್ತವೆ. ಪ್ರಾಣಿಕೋಶಗಳಲ್ಲಿ ಕೊಲೆಸ್ಟರಾಲ್ ಎಂಬ ವಸ್ತು ನಡುನಡುವೆ ಸೇರಿಕೊಂಡು, ಪೊರೆ ಬಿಸಿಗೆ ತೀರ ಸಡಿಲವಾಗದಂತೆಯೂ ತಣ್ಣಗಾದಾಗ ತೀರ ಗಟ್ಟಿಯಾಗದಂತೆಯೂ ಕಾಯುತ್ತದೆ. ಪೊರೆಯ ಹೊರಮೈಯಲ್ಲಿ ಸಕ್ಕರೆಯ ಅಣುಗಳ ಸಣ್ಣ ಸರಪಳಿಗಳಿವೆ. ಅವು ಕೋಶದ ಗುರುತು ಚೀಟಿಗಳು. ರಕ್ತವನ್ನು ಎ, ಬಿ, ಎಬಿ, ಓ ಎಂಬ ಗುಂಪುಗಳಾಗಿ ವಿಂಗಡಿಸುವುದು ಕೆಂಪು ರಕ್ತಕಣದ ಮೇಲಿನ ಈ ಸಕ್ಕರೆಗಳ ಭೇದದಿಂದಲೇ.

ಈ ಮಾದರಿಯು ಅನಂತರದ ವರ್ಷಗಳಲ್ಲಿ ಅಲ್ಲಲ್ಲಿ ತಿದ್ದುಪಡಿಗೊಂಡಿದೆ. ಪ್ರೋಟೀನುಗಳು ಆಗ ಎಣಿಸಿದ್ದಕ್ಕಿಂತ ಹೆಚ್ಚು ಒತ್ತಾಗಿವೆಯೆಂದೂ, ಕೆಲವನ್ನು ಕೋಶದ ಒಳಗಿನ ಎಳೆಗಳು ಕಟ್ಟಿಹಾಕಿವೆಯೆಂದೂ ತಿಳಿದಿದೆ. ಆದರೂ ಮೂಲಚಿತ್ರ ಬದಲಾಗಿಲ್ಲ.

ಬಾಗಿಲುಗಳೂ ಬಾಗಿಲು ಕಾಯುವವರೂ

ಆಮ್ಲಜನಕ, ಇಂಗಾಲದ ಡೈಆಕ್ಸೈಡುಗಳಂಥ ಚಿಕ್ಕ ಅಣುಗಳು ಕೊಬ್ಬಿನ ಪದರದ ಮೂಲಕ ನೇರವಾಗಿಯೇ ಹೋಗಿ ಬರುತ್ತವೆ. ಹೆಚ್ಚು ಇರುವ ಕಡೆಯಿಂದ ಕಡಮೆ ಇರುವ ಕಡೆಗೆ ಹರಡುವ ಈ ಕ್ರಿಯೆಗೆ ವಿಸರಣೆ ಎಂದು ಹೆಸರು. ಇದಕ್ಕೆ ಕೋಶವು ಶಕ್ತಿಯನ್ನು ವ್ಯಯ ಮಾಡಬೇಕಾಗಿಲ್ಲ. ಆದರೆ ಗ್ಲುಕೋಸ್, ಸೋಡಿಯಂ, ಪೊಟಾಸಿಯಂ ಮೊದಲಾದವುಗಳಿಗೆ ಆ ದಾರಿ ಮುಚ್ಚಿದೆ. ಅವು ಪ್ರೋಟೀನಿನ ಬಾಗಿಲುಗಳ ಮೂಲಕವೇ ಬರಬೇಕು. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಬಗೆಯ ಬಾಗಿಲು.

ನೀರಿಗೂ ಬೇರೆಯೇ ಬಾಗಿಲುಂಟೆಂಬುದು ತಡವಾಗಿ ತಿಳಿಯಿತು. ಅಮೆರಿಕದ ಪೀಟರ್ ಏಗ್ರ್ ರಕ್ತಕಣದ ಒಂದು ಪ್ರೋಟೀನನ್ನು ಕಪ್ಪೆಯ ಮೊಟ್ಟೆಯ ಪೊರೆಯಲ್ಲಿ ಉಂಟಾಗುವಂತೆ ಮಾಡಿ, ಆ ಮೊಟ್ಟೆಯನ್ನು ತಿಳಿನೀರಿನಲ್ಲಿಟ್ಟನು. ಸಾಮಾನ್ಯ ಮೊಟ್ಟೆ ಹಾಗೆಯೇ ಇದ್ದಿತು. ಈ ಮೊಟ್ಟೆ ಉಬ್ಬಿ ಒಡೆಯಿತು. 1992 ರಲ್ಲಿ ಈ ಶೋಧ ಪ್ರಕಟವಾಯಿತು. ನೀರನ್ನು ಮಾತ್ರ ಬಿಡುವ ಈ ಕಿಂಡಿಗೆ ಅಕ್ವಾಪೊರಿನ್ ಎಂದು ಹೆಸರಾಯಿತು. ಇದಕ್ಕಾಗಿ 2003 ರಲ್ಲಿ ಏಗ್ರ್‌ಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಕೆಲವು ಪ್ರೋಟೀನುಗಳು ಬರಿಯ ಬಾಗಿಲುಗಳಲ್ಲ, ಪಂಪುಗಳು. ಬಾವಿಯ ನೀರನ್ನು ಮೇಲಕ್ಕೆ ಸೇದಲು ಬಲ ಬೇಕಾಗುವಂತೆ, ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ವಸ್ತುವನ್ನು ಸಾಗಿಸಲು ಶಕ್ತಿ ಬೇಕು. ಇದಕ್ಕೆ ಸಕ್ರಿಯ ಸಾಗಣೆ ಎಂದು ಹೆಸರು. 1957 ರಲ್ಲಿ ಡೆನ್ಮಾರ್ಕಿನ ಯೆನ್ಸ್ ಕ್ರಿಶ್ಚಿಯನ್ ಸ್ಕೋ ಏಡಿಯ ಕಾಲಿನ ನರಗಳಲ್ಲಿ ಇಂಥದೊಂದು ಪಂಪಿನ ಸುಳಿವನ್ನು ಕಂಡುಹಿಡಿದನು. ಅದು ಪ್ರತಿ ಸುತ್ತಿಗೂ ಎಟಿಪಿ ಎಂಬ ಶಕ್ತಿಯ ಅಣುವೊಂದನ್ನು ಖರ್ಚುಮಾಡಿ, ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ದೂಡಿ ಎರಡು ಪೊಟಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಮನುಷ್ಯನು ಸುಮ್ಮನೆ ಮಲಗಿರುವಾಗಲೂ ಈ ಪಂಪುಗಳು ನಿಲ್ಲುವುದಿಲ್ಲ. ಇವು ದುಡಿಯುವುದರಿಂದಲೇ ಕೋಶದೊಳಗೆ ಸೋಡಿಯಂ ಸದಾ ಕಡಮೆಯಿರುತ್ತದೆ. ಹೊರಗಿನ ಸೋಡಿಯಂ ಒಳನುಗ್ಗಲು ಸದಾ ಕಾದಿರುತ್ತದೆ. ನರಗಳಲ್ಲಿ ಸಂದೇಶ ಹರಿಯುವುದು ಈ ಕಾತರದ ಬಲದಿಂದ. ಒಂದು ಭಯಂಕರ ರೋಗವನ್ನು ಗೆಲ್ಲಲು ನೆರವಾದದ್ದೂ ಇದೇ ಬಲ.

ಬೊನ್‌ಗಾಂವಿನ ಪೀಪಾಯಿಗಳು

ಕಾಲರಾ ರೋಗದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಭೇದಿಯಾಗಿ ಹೊರಟುಹೋಗಬಹುದು. ಚಿಕಿತ್ಸೆ ದೊರೆಯದಿದ್ದರೆ ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲವಾಗಬಹುದು. ಈ ರೋಗದ ಕ್ರಿಮಿ ಒಂದು ವಿಷವನ್ನು ಉಂಟುಮಾಡುತ್ತದೆಂದೂ, ಕೆಡುಕಿಗೆಲ್ಲ ಆ ವಿಷವೇ ಕಾರಣವೆಂದೂ 1959 ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ ತೋರಿಸಿಕೊಟ್ಟರು. ವಿಷವು ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ. ಅದು ಕರುಳಿನ ಕೋಶಗಳ ಪೊರೆಯಲ್ಲಿರುವ ಕ್ಲೋರೈಡಿನ ಬಾಗಿಲುಗಳನ್ನು ಮುಚ್ಚದಂತೆ ತೆರೆದಿಟ್ಟುಬಿಡುತ್ತದೆ. ಲವಣ ಹೊರಗೆ ಸೋರುತ್ತದೆ. ಅಭಿಸರಣೆಯ ನಿಯಮದಂತೆ ನೀರು ಅದರ ಬೆನ್ನು ಹತ್ತುತ್ತದೆ. ಆಗ ಬರಿಯ ನೀರನ್ನಾಗಲಿ ಉಪ್ಪುನೀರನ್ನಾಗಲಿ ಕುಡಿಸಿದರೆ ಅದು ಮೈಗೆ ಹತ್ತುವುದಿಲ್ಲ. ಆದುದರಿಂದ ಲವಣದ್ರಾವಣವನ್ನು ಸೂಜಿಯ ಮೂಲಕ ರಕ್ತನಾಳಕ್ಕೆ ಕೊಡುವುದೇ ಬಹುಕಾಲ ಕಾಲರಾದ ಮುಖ್ಯ ಚಿಕಿತ್ಸೆಯಾಗಿತ್ತು.

1960 ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಹೊಸದೊಂದು ವಿಚಾರವನ್ನು ಮುಂದಿಟ್ಟನು. ಸಣ್ಣ ಕರುಳಿನ ಕೋಶಪೊರೆಯಲ್ಲಿ ಜೋಡಿ ಪ್ರವೇಶದ ಒಂದು ಬಾಗಿಲಿದೆ. ಸೋಡಿಯಂ ಒಂಟಿಯಾಗಿ ಬಂದರೆ ಅದು ತೆರೆಯದು. ಗ್ಲುಕೋಸ್ ಒಂಟಿಯಾಗಿ ಬಂದರೂ ತೆರೆಯದು. ಎರಡೂ ಕೈಹಿಡಿದು ಬಂದರೆ ತೆರೆಯುತ್ತದೆ. ಒಳನುಗ್ಗಲು ಕಾದಿರುವ ಸೋಡಿಯಂ ತನ್ನೊಡನೆ ಗ್ಲುಕೋಸನ್ನೂ ಸೆಳೆದೊಯ್ಯುತ್ತದೆ. ಎರಡೂ ಒಳಗೆ ಹೋದ ಮೇಲೆ ನೀರು ಅವನ್ನು ಹಿಂಬಾಲಿಸುತ್ತದೆ. ಕಾಲರಾ ವಿಷವು ಈ ಬಾಗಿಲನ್ನು ಮಾತ್ರ ಕೆಡಿಸಿರುವುದಿಲ್ಲ. ಹಾಗಾದರೆ ನೀರಿಗೆ ಉಪ್ಪಿನ ಜೊತೆಗೆ ಗ್ಲುಕೋಸನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಕುಡಿಸಿದರೆ ಅದು ಮೈಗೆ ಹತ್ತಬೇಕು. 1960 ರ ದಶಕದಲ್ಲಿ ಢಾಕಾ ಮತ್ತು ಕಲ್ಕತ್ತೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಇದು ನಿಜವೆಂದು ಕಂಡುಬಂದಿತು. ಆದರೆ ಆಸ್ಪತ್ರೆಯ ಹೊರಗೆ, ನುರಿತ ವೈದ್ಯರಿಲ್ಲದ ಕಡೆ ಇದನ್ನು ನಂಬಬಹುದೇ ಎಂದು ಹಲವರು ಸಂದೇಹಪಟ್ಟರು.

1971 ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಕದನ ನಡೆದಾಗ ಲಕ್ಷಾಂತರ ಜನ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಗಡಿಯ ಊರಾದ ಬೊನ್‌ಗಾಂವಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಾಸಿಗೆಗಳು ಸಾಲದೆ, ನೆಲದ ಮೇಲೆಲ್ಲ ಅವರು ಮಲಗಿದ್ದರು. ವೈದ್ಯರಾದ ದಿಲೀಪ್ ಮಹಲನೋಬಿಸ್ ಅವರು ಚಿಕಿತ್ಸೆಗೆ ನಿಂತರು. ರಕ್ತನಾಳಕ್ಕೆ ಕೊಡುವ ಲವಣದ್ರಾವಣ ಮುಗಿಯುತ್ತ ಬಂದಿತ್ತು. ಅದನ್ನು ಕೊಡಬಲ್ಲ ಕೈಗಳೂ ಸಾಲದಾಗಿದ್ದವು. ಆಗ ಅವರು ಒಂದು ದಿಟ್ಟ ನಿರ್ಧಾರವನ್ನು ಕೈಗೊಂಡರು. ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೀಳುವಂತೆ ಪೊಟ್ಟಣಗಳನ್ನು ಕಲ್ಕತ್ತೆಯಲ್ಲಿ ಕಟ್ಟಿಸಿ ತರಿಸಿದರು. ದೊಡ್ಡ ಪೀಪಾಯಿಗಳಲ್ಲಿ ದ್ರಾವಣವನ್ನು ಕಲಸಿಡಿಸಿದರು. ರೋಗಿಗಳ ತಾಯಂದಿರೂ ಅಣ್ಣತಮ್ಮಂದಿರೂ ಲೋಟಗಳಲ್ಲಿ ಅದನ್ನು ಹಿಡಿದು ತಂದು ತಮ್ಮವರಿಗೆ ತಾವೇ ಕುಡಿಸಿದರು.

ಶಿಬಿರಗಳಲ್ಲಿ ನೂರಕ್ಕೆ 30 ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣವು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 4 ಕ್ಕಿಂತ ಕೆಳಗಿಳಿಯಿತು. ಈ ಅನುಭವದ ವರದಿ 1973 ರಲ್ಲಿ ಪ್ರಕಟವಾಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎತ್ತಿಹಿಡಿಯಿತು. ‘ಓಆರ್‌ಎಸ್’ ಎಂಬ ಹೆಸರಿನ ಪುಡಿಯ ಪೊಟ್ಟಣ ಹಳ್ಳಿಹಳ್ಳಿಗೂ ತಲುಪಿ ಕೋಟ್ಯಂತರ ಮಕ್ಕಳ ಪ್ರಾಣವನ್ನು ಉಳಿಸಿದೆ. 2002 ರಲ್ಲಿ ಅದರ ಪ್ರಮಾಣವನ್ನು ಪರಿಷ್ಕರಿಸಿ, ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು ಇರುವಂತೆ ಗೊತ್ತುಮಾಡಲಾಯಿತು. ಮಹಲನೋಬಿಸ್ ಅವರು 2022 ರಲ್ಲಿ ನಿಧನರಾದರು. 2023 ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಪೊಟ್ಟಣ ಸಿಕ್ಕದ ಕಡೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು ಬೆರೆಸಿ ಕೊಡಬಹುದು. ಅಳತೆ ತಪ್ಪಬಾರದು. ಉಪ್ಪಾಗಲಿ ಸಕ್ಕರೆಯಾಗಲಿ ಅತಿಯಾದರೆ, ಜಾಡಿಯ ಮಾವಿನ ಮಿಡಿಯಲ್ಲಿ ನಡೆದುದೇ ಕರುಳಿನಲ್ಲಿಯೂ ನಡೆದು ಭೇದಿ ಹೆಚ್ಚುತ್ತದೆ. ಭೇದಿಯಾದಾಗ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಸುವ ರೂಢಿ ಕನ್ನಡನಾಡಿನ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಗ್ಲುಕೋಸ್ ಆಗಿ ಒಡೆಯುತ್ತದೆ. ಉಪ್ಪಿನ ಸೋಡಿಯಂ ಜೊತೆಗಿರುತ್ತದೆ. ಮುದುಕಿಯರು ತಿಳಿಯದೆಯೇ ಬಳಸುತ್ತಿದ್ದುದು ಅದೇ ಜೋಡಿ ಬಾಗಿಲನ್ನು.

ಪೊರೆಯ ಸಂತತಿ

ಕೋಶವು ಒಡೆದು ಎರಡಾಗುವಾಗ ಹಳೆಯ ಪೊರೆಯೇ ಬೆಳೆದು ಎರಡು ಮರಿಕೋಶಗಳಿಗೂ ಹೊದಿಕೆಯಾಗುತ್ತದೆ. ಯಾವ ಕೋಶವೂ ತನ್ನ ಪೊರೆಯನ್ನು ಮೊದಲಿನಿಂದ ಹೊಸದಾಗಿ ಕಟ್ಟುವುದಿಲ್ಲ; ತಾಯಿಕೋಶದಿಂದ ಪಡೆದುದಕ್ಕೆ ಹೊಸ ಅಣುಗಳನ್ನು ಸೇರಿಸಿ ಮುಂದಿನದಕ್ಕೆ ಕೊಡುತ್ತದೆ. ಬ್ಯಾಕ್ಟೀರಿಯಕ್ಕೂ ಆಲದ ಮರಕ್ಕೂ ಆನೆಗೂ ಮನುಷ್ಯನಿಗೂ ಈ ಮಾತು ಒಂದೇ. ಹೀಗೆ ಹಿಂದೆ ಹಿಂದೆ ಹೋದರೆ, ಇಂದು ಬದುಕಿರುವ ಪ್ರತಿಯೊಂದು ಜೀವಿಯ ಹೊಸ್ತಿಲೂ ಕೋಟ್ಯಂತರ ವರ್ಷಗಳಿಂದ ಎಲ್ಲಿಯೂ ತುಂಡಾಗದೆ ಕೈಯಿಂದ ಕೈಗೆ ಬಂದಿರುವ ಆಸ್ತಿಯೆಂಬುದು ತಿಳಿಯುತ್ತದೆ.

ಅಭ್ಯಾಸ

ಅ) ಪದಗಳ ಅರ್ಥ

ಬದು - ಹೊಲದ ಅಂಚಿನ ದಿಬ್ಬ. ಮಿಡಿ - ಎಳೆಯ ಕಾಯಿ. ಸಾಂದ್ರ - ಗಾಢವಾದ. ಜಾಡು - ಹೆಜ್ಜೆಯ ಗುರುತು. ಭಿತ್ತಿ - ಗೋಡೆ. ಪೀಪಾಯಿ - ದ್ರವವನ್ನು ತುಂಬುವ ದೊಡ್ಡ ಡಬ್ಬ. ಕಾತರ - ತವಕ. ಪಿಷ್ಟ - ಹಿಟ್ಟಿನ ಅಂಶ.

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ

1. ಕೋಶಪೊರೆಯ ದಪ್ಪವೆಷ್ಟು?
2. ಉಪ್ಪಿಗೆ ಹಾಕಿದ ಮಾವಿನ ಮಿಡಿಗಳು ಸುಕ್ಕುಗಟ್ಟುವುದೇಕೆ?
3. ಆಗ್ನೆಸ್ ಪೋಕೆಲ್ಸ್ ತನ್ನ ಪ್ರಯೋಗಗಳಿಗೆ ಬಳಸಿದ ಸಾಧನ ಯಾವುದು?
4. ರಕ್ತದ ಗುಂಪುಗಳ ಭೇದಕ್ಕೆ ಕಾರಣವೇನು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಸಾಲಾಗಿವೆಯೆಂಬುದನ್ನು ಗೋರ್ಟರ್ ಮತ್ತು ಗ್ರೆಂಡೆಲ್ ಹೇಗೆ ಕಂಡುಕೊಂಡರು?
2. ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದ ಪ್ರಯೋಗದಿಂದ ತಿಳಿದುಬಂದ ಸಂಗತಿಯೇನು?
3. ವಿಸರಣೆಗೂ ಸಕ್ರಿಯ ಸಾಗಣೆಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
4. ಕಾಲರಾ ರೋಗಿಗೆ ಬರಿಯ ಉಪ್ಪುನೀರು ಹಿಡಿಸದೆ, ಗ್ಲುಕೋಸ್ ಬೆರೆತ ಉಪ್ಪುನೀರು ಹಿಡಿಸುವುದೇಕೆ?

ಈ) ಮಾಡಿ ನೋಡಿರಿ

ಬೀಟ್‌ರೂಟ್ ಹೋಳುಗಳನ್ನು ತೊಳೆದು, ತಣ್ಣೀರು, ಉಗುರುಬೆಚ್ಚಗಿನ ನೀರು, ಕುದಿಯುವ ನೀರು ಇವುಗಳಲ್ಲಿ ಬೇರೆ ಬೇರೆಯಾಗಿ ಹಾಕಿರಿ. ಹಿರಿಯರ ನೆರವು ಪಡೆಯಿರಿ. ಹತ್ತು ನಿಮಿಷಗಳ ಅನಂತರ ನೀರಿನ ಬಣ್ಣವನ್ನು ಹೋಲಿಸಿ, ಕಾರಣವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.